ಫಿನ್‌ಲ್ಯಾಂಡ್ ಅಷ್ಟು ಬೇಗ ನ್ಯಾಟೊ ಸೇರಿದ್ದು ಹೇಗೆ?

ಪ್ರಶ್ನೆ: ದಶಕಗಳ ಕಾಲ ಯಾವ ಸೇನಾ ಒಕ್ಕೂಟಕ್ಕೂ ಸೇರದೆ ಉಳಿದಿದ್ದ ಫಿನ್‌ಲ್ಯಾಂಡ್, ಉಕ್ರೇನ್ ಯುದ್ಧ ಶುರುವಾದ ಮೂರೇ ತಿಂಗಳೊಳಗೆ ನ್ಯಾಟೊಗೆ ಅರ್ಜಿ ಹಾಕಿತು. ವಿದೇಶಾಂಗ ನೀತಿ ಅಷ್ಟು ಬೇಗ ಬದಲಾಗುತ್ತದೆಯೇ?
– ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಓದುಗರೊಬ್ಬರು, ಕೋಲಾರ

ಉತ್ತರ: ಕೆರೆಗಳ ಜಿಲ್ಲೆಯವರಾದ ನಿಮಗೆ ಇದನ್ನು ವಿವರಿಸುವುದು ಸುಲಭ. ತೂಬು ಎತ್ತಲು ಗಳಿಗೆ ಸಾಕು, ಆದರೆ ಏರಿ ಕಟ್ಟಿದಾಗಲೇ ತೂಬನ್ನೂ ಇಟ್ಟಿರಬೇಕು. ಫಿನ್‌ಲ್ಯಾಂಡ್ ಅದನ್ನು ಬಹಳ ಹಿಂದೆಯೇ ಇಟ್ಟುಕೊಂಡಿತ್ತು.

ಆ ದೇಶದ ತಾಟಸ್ಥ್ಯ ಆದರ್ಶಕ್ಕಿಂತ ಹೆಚ್ಚಾಗಿ ಅನಿವಾರ್ಯತೆಯಿಂದ ಬಂದದ್ದು. 1939–40ರ ಚಳಿಗಾಲದ ಯುದ್ಧದಲ್ಲಿ ತನ್ನ ನೆಲದ ಸುಮಾರು ಹತ್ತನೇ ಒಂದು ಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟ ಫಿನ್‌ಲ್ಯಾಂಡ್, 1948ರಲ್ಲಿ ಅದರೊಂದಿಗೇ ಸ್ನೇಹ ಒಪ್ಪಂದ ಮಾಡಿಕೊಂಡು, ಸುಮಾರು 1,340 ಕಿ.ಮೀ. ಗಡಿಯನ್ನು ಎಚ್ಚರದಿಂದ ಕಾಯುತ್ತ ಬಂತು. (ಸ್ವೀಡನ್ನಿನದು ಬೇರೆ ಕಥೆ, ಅಲ್ಲಿ ಇನ್ನೂರು ವರ್ಷಗಳ ತಾಟಸ್ಥ್ಯ ಹೆಮ್ಮೆಯ ವಿಷಯವಾಗಿತ್ತು.) ಸೋವಿಯತ್ ಒಕ್ಕೂಟ ಒಡೆದ ಮೇಲೆ ಫಿನ್‌ಲ್ಯಾಂಡ್ 1995ರಲ್ಲಿ ಐರೋಪ್ಯ ಒಕ್ಕೂಟ ಸೇರಿತು, ಕಡ್ಡಾಯ ಸೇನಾ ತರಬೇತಿಯನ್ನು ಕೈಬಿಡದೆ ಸೇನೆಯನ್ನು ನ್ಯಾಟೊ ಪಡೆಗಳ ಜೊತೆ ಕೆಲಸ ಮಾಡುವಂತೆ ಸಜ್ಜುಗೊಳಿಸಿತು, ಮತ್ತು ಬೇಕೆನಿಸಿದಾಗ ಸದಸ್ಯತ್ವ ಕೇಳುವ ಹಕ್ಕು ತನಗಿದೆ ಎಂದು ಸರ್ಕಾರಿ ನೀತಿಪತ್ರಗಳಲ್ಲಿ ಬರೆದಿಟ್ಟುಕೊಂಡಿತು. ಅಲ್ಲಿನ ರಾಜಕಾರಣದಲ್ಲಿ ಇದಕ್ಕೆ 'ನ್ಯಾಟೊ ಆಯ್ಕೆ' ಎಂದೇ ಹೆಸರು.

2021ರ ಡಿಸೆಂಬರಿನಲ್ಲಿ ರಷ್ಯಾ, ನ್ಯಾಟೊ ಇನ್ನು ಹೊಸ ಸದಸ್ಯರನ್ನು ಸೇರಿಸಿಕೊಳ್ಳಕೂಡದು ಎಂದು ಪಟ್ಟು ಹಿಡಿಯಿತು. ನನ್ನ ಮಟ್ಟಿಗೆ ನಿಜವಾದ ತಿರುವು ಅದೇ, ಏಕೆಂದರೆ ಆ ಬೇಡಿಕೆ ಈಡೇರಿದ್ದರೆ ಫಿನ್‌ಲ್ಯಾಂಡಿನ ಪಾಲಿಗೆ ಆ ಆಯ್ಕೆಯೇ ಇಲ್ಲವಾಗುತ್ತಿತ್ತು. 2022ರ ಫೆಬ್ರುವರಿ 24ರ ದಾಳಿಯ ನಂತರ ಜನರೂ ಬದಲಾದರು: ಅದುವರೆಗೆ ಕಾಲು ಭಾಗದಷ್ಟು ಜನರಲ್ಲಿದ್ದ ಸದಸ್ಯತ್ವದ ಒಲವು ಮೇ ಹೊತ್ತಿಗೆ ಮುಕ್ಕಾಲು ಭಾಗಕ್ಕೆ ಏರಿತು. ಒಬ್ಬ ಸದಸ್ಯನ ಮೇಲಿನ ದಾಳಿಯನ್ನು ಎಲ್ಲರ ಮೇಲಿನ ದಾಳಿಯೆಂದು ಪರಿಗಣಿಸುವ ನ್ಯಾಟೊದ 5ನೇ ವಿಧಿ, ಬರೀ ಪಾಲುದಾರನಾಗಿದ್ದ ಉಕ್ರೇನಿಗೆ ಅನ್ವಯಿಸದೆ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮೇ 17ರಂದು ಸಂಸತ್ತು 188–8 ಮತಗಳಿಂದ ಒಪ್ಪಿತು. ಮರುದಿನವೇ ಸ್ವೀಡನ್ ಜೊತೆಗೆ ಅರ್ಜಿ ಸಲ್ಲಿಕೆಯಾಯಿತು. ಪರೀಕ್ಷೆಗೆ ಓದುವವರು 31ನೇ, 32ನೇ ಸದಸ್ಯರ ಹೆಸರನ್ನು ಬಾಯಿಪಾಠ ಮಾಡುವಾಗ ಈ ಮತಗಳ ಅಂತರವನ್ನೂ ಗಮನಿಸಬೇಕು.

ತಡವಾದದ್ದು ಹೊರಗೆ. ಎಲ್ಲ ಸದಸ್ಯರ ಒಪ್ಪಿಗೆ ಬೇಕಾಗಿದ್ದರಿಂದ ಟರ್ಕಿ ಮತ್ತು ಹಂಗರಿ ಕಾಯಿಸಿದವು. ಫಿನ್‌ಲ್ಯಾಂಡ್ 2023ರ ಏಪ್ರಿಲ್ 4ರಂದು, ಸ್ವೀಡನ್ 2024ರ ಮಾರ್ಚ್ 7ರಂದು ಸದಸ್ಯರಾದವು. ಅರ್ಜಿ ಹಾಕಿಯೂ 5ನೇ ವಿಧಿಯ ರಕ್ಷಣೆ ಸಿಗದ ಆ ನಡುವಿನ ದಿನಗಳಿಗೆಂದೇ ಎರಡೂ ದೇಶಗಳು, ಅರ್ಜಿಗೆ ಒಂದು ವಾರ ಮೊದಲು, ಪರಸ್ಪರ ನೆರವಿನ ಭರವಸೆಯನ್ನು ಬ್ರಿಟನ್ನಿನೊಂದಿಗೆ ಬರಹದಲ್ಲಿ ಮಾಡಿಕೊಂಡಿದ್ದವು.