ಜನಾರೋಗ್ಯ ವಿಭಾಗಕ್ಕೆ ಮುಖ್ಯಸ್ಥರನ್ನು ಹುಡುಕುವ ಮುನ್ನ

ವಿಶ್ವವಿದ್ಯಾಲಯವೊಂದು ಜನಾರೋಗ್ಯ (ಪಬ್ಲಿಕ್ ಹೆಲ್ತ್) ವಿಭಾಗಕ್ಕೆ ಮುಖ್ಯಸ್ಥರನ್ನು ಹುಡುಕಲು ಕುಳಿತಾಗ ಮೊದಲು ಕಿವಿಗೆ ಬೀಳುವ ಮಾತು: "ದೊಡ್ಡ ಹೆಸರಿನ ಡಾಕ್ಟರ್ ಒಬ್ಬರನ್ನ ತರೂಣ್ರಿ, ವಿಭಾಗ ತಾನ ಬೆಳೀತದ." ಅದರ ಬೆನ್ನಿಗೇ ಎರಡನೆಯದು: "ನಮ್ಮ ದವಾಖಾನಿಗೆ ದಿನಾ ಎಷ್ಟ ಮಂದಿ ಬರ್ತಾರ ನೋಡ್ರಿ, ಡೇಟಾಕ್ಕೇನ ಬರ ಇಲ್ಲ." ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ, ಎಲ್ಲಿ ಕೂತರೂ ಇದೇ ಮಾತು. ಮೊದಲನೆಯ ತಪ್ಪು ಹುಟ್ಟುವುದೇ ಎರಡನೆಯದರಿಂದ. ಹಾಗಾಗಿ ಎರಡನೆಯದನ್ನೇ ಬಿಡಿಸಿ ಹೇಳಬೇಕು.

ಹೊರರೋಗಿ ವಿಭಾಗಕ್ಕೆ ಬಂದವರು ಜನಸಮುದಾಯವಲ್ಲ. ಎಷ್ಟೇ ಸಾವಿರ ಚೀಟಿ ಹರಿದರೂ ಅಲ್ಲ. ಮುಂಡರಗಿ ತಾಲ್ಲೂಕಿನ ಫ್ಲೋರೈಡ್ ಸಮಸ್ಯೆಯನ್ನೇ ತೆಗೆದುಕೊಳ್ಳಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ನಮ್ಮ ರಾಷ್ಟ್ರೀಯ ಮಾನಕ. ಅದಕ್ಕಿಂತ ಹೆಚ್ಚಿನ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ಆದರೆ ನೋಯುವುದಿಲ್ಲ. ನೋಯದ ಹಲ್ಲಿಗೆ ಯಾರೂ ಬಸ್ ಹತ್ತಿ ಜಿಲ್ಲಾಸ್ಪತ್ರೆಗೆ ಬರುವುದಿಲ್ಲ. ಎಲುಬಿಗೆ ಇಳಿದ ಮೇಲೆ ಬರುತ್ತಾರೆ, ಆಗ ಚೀಟಿಯ ಮೇಲೆ ಬೀಳುವುದು "ಮೊಣಕಾಲು ನೋವು" ಎಂದು. ಬರುವವರೂ ಡಾಂಬರು ರಸ್ತೆಯ ಊರಿನವರು. ಆಳದ ಕೊಳವೆಬಾವಿಯೊಂದನ್ನೇ ನಂಬಿದ, ದಿನಕ್ಕೆ ಎರಡೇ ಬಸ್ ಇರುವ ಊರು ಆ ರಿಜಿಸ್ಟರಿನಲ್ಲಿ ಕಾಣುವುದೇ ಇಲ್ಲ. ಒಳ್ಳೆಯ ಮುಖ್ಯಸ್ಥರು ರಿಜಿಸ್ಟರ್ ಬಿಟ್ಟು ಊರುಗಳ ಪಟ್ಟಿ, ಕೊಳವೆಬಾವಿಗಳ ಪಟ್ಟಿ, ಶಾಲೆಗಳ ಹಾಜರಿಯಿಂದ ಶುರು ಮಾಡುತ್ತಾರೆ. ನೂರು ಮಕ್ಕಳಲ್ಲಿ ಎಷ್ಟು ಎಂದು ಹೇಳಬೇಕಾದರೆ ಆ ನೂರು ಮಕ್ಕಳು ಯಾರೆಂದು ಮೊದಲು ಗೊತ್ತಿರಬೇಕು. ಆಸ್ಪತ್ರೆಯಲ್ಲಿ ಮೇಲಿನ ಅಂಕಿ ಸಿಗುತ್ತದೆ, ಭಾಗಿಸುವ ಅಂಕಿ ಸಿಗುವುದಿಲ್ಲ.

ಇದಕ್ಕೆ ಊರ ಹೊರಗಿನ ಉದಾಹರಣೆಯೂ ಬೇಕಿಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಬಂದಾಗ, ಬರುವ ಮತ್ತು ಬಾರದ ವಾರ್ಡುಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದ 3,922 ಮನೆಗಳನ್ನು ಸಂಶೋಧಕರು 2010-11ರಲ್ಲಿ ಹೋಲಿಸಿ ನೋಡಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮಕ್ಕಳ ಒಟ್ಟಾರೆ ಭೇದಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡವರ ಮನೆಗಳಲ್ಲಿ ರಕ್ತಭೇದಿ ಕಡಿಮೆಯಾಗಿತ್ತು, ಟೈಫಾಯಿಡ್ ಆದ ಮನೆಗಳೂ ಕಡಿಮೆಯಿದ್ದವು. ಯಾವ ಆಸ್ಪತ್ರೆಯ ಹಾಸಿಗೆ ಲೆಕ್ಕದಿಂದಲೂ ಈ ಉತ್ತರ ಹೊರಡುತ್ತಿರಲಿಲ್ಲ. ಇದಕ್ಕೆ ನಳದ ಎಂಜಿನಿಯರ್, ಸಂಖ್ಯಾಶಾಸ್ತ್ರಜ್ಞ, ಮನೆ ಮನೆ ತಿರುಗುವ ಹುಡುಗಿಯರು, ಇವರೆಲ್ಲರನ್ನೂ ವರ್ಷವಿಡೀ ಒಂದೇ ಕೆಲಸಕ್ಕೆ ಹಿಡಿದು ನಿಲ್ಲಿಸುವವರು ಬೇಕು. ನೀವು ಹುಡುಕುತ್ತಿರುವುದು ಅಂಥವರನ್ನು. ಅವರು ವೈದ್ಯರಿರಬಹುದು, ಇಲ್ಲದಿರಬಹುದು.

ಹಾಗಾದರೆ ಜಾಹೀರಾತಿಗೆ ಮೊದಲು ಎರಡು ಪುಟದ ಒಂದು ಟಿಪ್ಪಣಿ ಸಿದ್ಧವಾಗಲಿ. ವಿಭಾಗ ಯಾವ ಊರುಗಳ ಜನರ ಆರೋಗ್ಯ ನೋಡಬೇಕು? ಮೂವತ್ತು ಸಾವಿರಕ್ಕೊಂದು ಎಂಬ ಲೆಕ್ಕದಲ್ಲಿ ಎರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿ ತೆಗೆದುಕೊಂಡರೆ ಸುಮಾರು ಅರವತ್ತು ಸಾವಿರ ಜನ, ಸಾವಿರಕ್ಕೊಬ್ಬರಂತೆ ಅರವತ್ತು ಆಶಾ ಕಾರ್ಯಕರ್ತೆಯರು. ಹೊಸ ವಿಭಾಗಕ್ಕೆ ಇಷ್ಟು ಸಾಕು, ಇಡೀ ಜಿಲ್ಲೆ ಬರೆದುಕೊಳ್ಳಬೇಡಿ. ಮಂಜೂರಾದ ಹುದ್ದೆಗಳೆಷ್ಟು, ಅದರಲ್ಲಿ ಸಂಖ್ಯಾಶಾಸ್ತ್ರಜ್ಞರ ಹುದ್ದೆ ಇದೆಯೇ, ವಾಹನ ಯಾರದು, ಜಿಲ್ಲಾ ಪಂಚಾಯಿತಿಯ ಒಪ್ಪಿಗೆ ಪತ್ರ ಕೈಯಲ್ಲಿದೆಯೇ? ಇದಾವುದೂ ಇಲ್ಲದೆ "ಬಂದವರು ನೋಡಿಕೊಳ್ಳುತ್ತಾರೆ" ಎಂದರೆ, ಬಂದವರು ಎರಡು ವರ್ಷ ಕಡತ ಹಿಡಿದು ಓಡಾಡಿ ಮೂರನೆಯ ವರ್ಷ ಹೋಗುತ್ತಾರೆ. ಒಳ್ಳೆಯ ಅಭ್ಯರ್ಥಿ ಸಂಬಳಕ್ಕಿಂತ ಮೊದಲು ಈ ಟಿಪ್ಪಣಿಯನ್ನೇ ಕೇಳುತ್ತಾರೆ.

ಅರ್ಹತೆಯ ವಿಷಯದಲ್ಲಿ ದಾರಿ ಎರಡು. ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗವಾದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ. ಸಾಮಾನ್ಯ ವಿಶ್ವವಿದ್ಯಾಲಯದ ವಿಭಾಗವಾದರೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ಪ್ರಾಧ್ಯಾಪಕ ಹುದ್ದೆಗೆ ಸಾಮಾನ್ಯ ಮಾರ್ಗದಲ್ಲಿ ಪಿಎಚ್.ಡಿ., ಹತ್ತು ವರ್ಷದ ಅನುಭವ, ಹತ್ತು ಪ್ರಕಟಣೆ, 120 ಸಂಶೋಧನಾ ಅಂಕ. ಎರಡನ್ನೂ ಕಲಸಿ "ತತ್ಸಮಾನ" ಎಂದು ಬರೆದ ಜಾಹೀರಾತು ಧಾರವಾಡದ ಹೈಕೋರ್ಟ್ ಪೀಠದ ಮೆಟ್ಟಿಲು ಹತ್ತುವ ಸಾಧ್ಯತೆ ಹೆಚ್ಚು. ನಿಯಮಗಳು ಬದಲಾಗುತ್ತಿರುತ್ತವೆ, ನಿಮ್ಮ ಕಾಯ್ದೆಯಲ್ಲಿ ಬೇರೆ ಷರತ್ತೂ ಇರಬಹುದು. ಮೀಸಲಾತಿ ರೋಸ್ಟರ್ ಮತ್ತು ಅರ್ಹತೆ ಎರಡನ್ನೂ ಕುಲಸಚಿವರ ಕಚೇರಿಯಲ್ಲೂ ಕಾನೂನು ಸಲಹೆಗಾರರ ಬಳಿಯೂ ನೋಡಿಸಿಕೊಂಡೇ ಮುಂದುವರಿಯಿರಿ. ಯುಜಿಸಿ ದಾರಿಯಿದ್ದರೆ ವೈದ್ಯರ ಬಳಗದಾಚೆಗೂ ಸುದ್ದಿ ಮುಟ್ಟಿಸಿ. ಮುಂಬೈಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, ತಿರುವನಂತಪುರದ ಅಚ್ಯುತ ಮೇನನ್ ಕೇಂದ್ರದಲ್ಲಿ ಓದಿದವರಿದ್ದಾರೆ. ಧಾರವಾಡದ ವಿದ್ಯಾಗಿರಿಯಲ್ಲೇ ಜೆಎಸ್‌ಎಸ್ ಸಂಸ್ಥೆಯ ಜನಸಂಖ್ಯಾ ಸಂಶೋಧನಾ ಕೇಂದ್ರವಿದೆ. ಮಗ್ಗುಲಲ್ಲಿರುವವರನ್ನು ಕೇಳದೆ ಬೆಂಗಳೂರಿಗೆ ಫೋನ್ ಹಚ್ಚುವುದನ್ನು ಕಂಡರೆ ಸಂಕಟವಾಗುತ್ತದೆ.

ಸಂದರ್ಶನದಲ್ಲಿ "ನಿಮ್ಮ ಕನಸೇನು" ಎಂದು ಕೇಳಬೇಡಿ. ಒಂದು ಲೆಕ್ಕ ಕೊಟ್ಟು ಮುಕ್ಕಾಲು ಗಂಟೆ ಬಿಡಿ. ರೋಣ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರ ಎಂದು ಊಹಿಸಿಕೊಳ್ಳಿ: ವರ್ಷದಲ್ಲಿ ತಾಯಿ ಕಾರ್ಡ್ ಪಡೆದ ಗರ್ಭಿಣಿಯರು 90, ಅದೇ ಊರುಗಳ ಜನನ ನೋಂದಣಿ ಪುಸ್ತಕದಲ್ಲಿರುವ ಮಕ್ಕಳು 30. ಉಳಿದವರು ಎಲ್ಲಿ? "ಸಿಬ್ಬಂದಿ ಸರಿಯಾಗಿ ಬರೆಯುವುದಿಲ್ಲ" ಎಂದು ಎರಡೇ ನಿಮಿಷಕ್ಕೆ ಉತ್ತರಿಸಿದವರ ಬಗ್ಗೆ ಎಚ್ಚರ ಇರಲಿ. ಬಲ್ಲವರು "ಹೆರಿಗೆ ಎಲ್ಲಿ ಆಯ್ತು?" ಎಂದು ತಿರುಗಿ ಕೇಳುತ್ತಾರೆ. ಜನನ ನೋಂದಣಿಯಾಗುವುದು ಮಗು ಹುಟ್ಟಿದ ಜಾಗದಲ್ಲಿ, ತಾಯಿಯ ಮನೆ ಇರುವ ಜಾಗದಲ್ಲಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆತ್ತವರ ಲೆಕ್ಕ ಅಲ್ಲಿಗೆ ಹೋಯಿತು. ಚೊಚ್ಚಲ ಬಸುರಿ ಏಳನೇ ತಿಂಗಳಿಗೆ ಕುಬಸ (ಸೀಮಂತ) ಮಾಡಿಸಿಕೊಂಡು ಕುಷ್ಟಗಿಯ ತವರಿಗೆ ಹೋಗಿದ್ದರೆ ಲೆಕ್ಕ ಪಕ್ಕದ ಜಿಲ್ಲೆಗೆ ಹೋಯಿತು. ಅದೇ ಹೊತ್ತಿಗೆ ಬೇರೆ ಊರಿನಿಂದ ಇಲ್ಲಿಗೆ ತವರಿಗೆ ಬಂದವರೂ ಇರುತ್ತಾರೆ. ಗರ್ಭ ನಿಲ್ಲದವರ ಮನೆಗೆ ಹೋಗಿ ಕೇಳುವವರಾರು ಎಂಬ ಪ್ರಶ್ನೆ ಇನ್ನೂ ಉಳಿಯುತ್ತದೆ. ಈ ಬಾಣಂತನದ ದಾರಿಗಳನ್ನು ಕಾಗದದ ಮೇಲೆ ಗೀಚಿ ತೋರಿಸುವವರು ಸಿಕ್ಕರೆ, ಪ್ರಕಟಣೆ ನಾಲ್ಕು ಕಡಿಮೆಯಿದ್ದರೂ, ನಿಯಮದ ಮಿತಿ ದಾಟಿದ್ದರೆ ಸಾಕು, ನನ್ನ ಅಂಕ ಅವರಿಗೇ.

ಇನ್ನೊಂದು ದಿನ ಅವರನ್ನು ಉಪಕೇಂದ್ರಕ್ಕೆ ಕರೆದೊಯ್ಯಿರಿ. ಸಿಸ್ಟರ್ ಜೊತೆ ಹೇಗೆ ಮಾತಾಡುತ್ತಾರೆ ನೋಡಿ. "ರಿಜಿಸ್ಟರ್ ತೋರಸ್ರಿ" ಎಂದು ಕೈಚಾಚುವವರೂ ಇದ್ದಾರೆ, "ಇದನ್ನ ತುಂಬೂದಕ್ಕ ದಿನಾ ಎಷ್ಟೊತ್ತು ಹಿಡೀತದವ್ವಾ?" ಎಂದು ಕೇಳುವವರೂ ಇದ್ದಾರೆ. ವಿಭಾಗದ ಮುಖ್ಯಸ್ಥರಿಗೆ ಜಿಲ್ಲಾ ಆರೋಗ್ಯಾಧಿಕಾರಿಯ ಮೇಲಾಗಲಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮೇಲಾಗಲಿ ಅಧಿಕಾರವಿಲ್ಲ. ತಮ್ಮ ಕೈಕೆಳಗಿಲ್ಲದ ಜನರಿಂದಲೇ ಅವರ ಕೆಲಸ ನಡೆಯಬೇಕು. ಅದಕ್ಕೇ ಹಿಂದಿನ ಸಂಸ್ಥೆಗೆ ಫೋನ್ ಮಾಡುವಾಗ ನಿರ್ದೇಶಕರನ್ನಷ್ಟೇ ಅಲ್ಲ, ಅಭ್ಯರ್ಥಿಗೆ ತಿಳಿಸಿ, ಅವರ ಕೆಳಗೆ ದುಡಿದ ಕ್ಷೇತ್ರ ಮೇಲ್ವಿಚಾರಕರನ್ನೂ ಮಾತಾಡಿಸಿ.

ಗದಗ, ಹಾವೇರಿಗೆ ಕರೆಯುವವರು ಮನೆ, ಸಂಗಾತಿಯ ಕೆಲಸ, ಮಕ್ಕಳ ಶಾಲೆಯ ಮಾತನ್ನು ನೇಮಕಕ್ಕೆ ಮೊದಲೇ ತೆಗೆಯಿರಿ, ಸಂಕೋಚ ಬೇಡ. ಸೇರುವ ದಿನಾಂಕವನ್ನೂ ಲೆಕ್ಕ ಹಾಕಿಯೇ ಇಡಿ. ಮೊದಲ ವರ್ಷ ಕೇಳಬೇಕಾದದ್ದು ಸಂಶೋಧನಾ ಪ್ರಬಂಧವಲ್ಲ, ಆ ಅರವತ್ತು ಸಾವಿರ ಜನರ ಮನೆಪಟ್ಟಿ. ಹಿಂಗಾರಿ ಸುಗ್ಗಿ ಮುಗಿದ ಮೇಲೆ ಈ ಕಡೆಯ ಎಷ್ಟೋ ಕುಟುಂಬಗಳು ಗೋವಾ, ಮಂಗಳೂರಿಗೆ ದುಡಿಯಲು ಹೋಗುತ್ತವೆ. ಬೇಸಿಗೆಯಲ್ಲಿ ಎಣಿಸಹೊರಟರೆ ಬೀಗ ಹಾಕಿದ ಬಾಗಿಲುಗಳೇ ಹೆಚ್ಚು. ಜನವರಿ ಹೊತ್ತಿಗೆ ಮುಖ್ಯಸ್ಥರು ಬಂದರೆ ಸಿಬ್ಬಂದಿ ನೇಮಕ, ತರಬೇತಿ, ನೈತಿಕ ಸಮಿತಿಯ ಅನುಮತಿ ಮೇ ಒಳಗೆ ಮುಗಿಯುತ್ತದೆ, ಮುಂಗಾರಿಗೆ ಜನ ಬಿತ್ತನೆಗೆ ಮರಳಿದಾಗ ಎಣಿಕೆ ಶುರು ಮಾಡಬಹುದು.