ಅಂಕುಡೊಂಕು ಅಂಚಿನ ಹಿಂದಿನ ಲೆಕ್ಕ

ಕಾಗದದ ಒಂದು ಬದಿಗೆ ಕಿಡಿ ತಾಗಿಸಿದರೆ ಕಪ್ಪು ಅಂಚು ನಿಧಾನಕ್ಕೆ ಮುಂದೆ ಸರಿಯುತ್ತದೆ. ಮೊದಲು ನೆಟ್ಟಗಿದ್ದದ್ದು ಬರಬರುತ್ತಾ ಅಂಕುಡೊಂಕಾಗುತ್ತದೆ. ಎಲ್ಲಿ ಚಾಚುತ್ತದೆ, ಎಲ್ಲಿ ಹಿಂದುಳಿಯುತ್ತದೆ ಅಂತ ಯಾರೂ ಮೊದಲೇ ಹೇಳಲಾರರು. ಒಟ್ಟಾರೆ ಎಷ್ಟು ಒರಟಾಗುತ್ತದೆ ಅನ್ನುವುದನ್ನು ಮಾತ್ರ ಹೇಳಬಹುದು. ಅದನ್ನು ಖಚಿತವಾಗಿ ಹೇಳುವ ಹೊತ್ತಿಗೆ ಸುಮಾರು ಐವತ್ತು ವರ್ಷ ಕಳೆದಿತ್ತು.

1961ರಲ್ಲಿ ಮರ್ರೆ ಈಡನ್ ಜೀವಕೋಶಗಳ ಗುಂಪು ಹೇಗೆ ಹರಡುತ್ತದೆ ಅಂತ ತಿಳಿಯಲು ಒಂದು ಸರಳ ಮಾದರಿ ಕಟ್ಟಿದರು. ಚೌಕಳಿ ಹಾಳೆಯಲ್ಲಿ ಒಂದು ಮನೆ ತುಂಬಿಸಿ. ಅದಕ್ಕೆ ತಾಗಿದ ಖಾಲಿ ಮನೆಗಳಲ್ಲಿ ಯಾವುದೋ ಒಂದನ್ನು ಸುಮ್ನೆ ಆರಿಸಿ ತುಂಬಿಸಿ. ಹೀಗೇ ಮಾಡುತ್ತಾ ಹೋದರೆ ಹೆಚ್ಚುಕಡಿಮೆ ದುಂಡಗಿನ, ಅಂಚು ಒರಟಾದ ಗುಂಪೊಂದು ಬೆಳೆಯುತ್ತದೆ.

1982ರಲ್ಲಿ ಭೌತವಿಜ್ಞಾನಿಗಳಾದ ಎಡ್ವರ್ಡ್ಸ್ ಮತ್ತು ವಿಲ್ಕಿನ್ಸನ್, ಮೇಲಿಂದ ಬಿದ್ದ ಕಣಗಳು ತಗ್ಗು ನೋಡಿ ಕೂರುವ ಮೇಲ್ಮೈಗೆ ಸಮೀಕರಣ ಬರೆದರು. ಒರಟುತನ ಸಮಯದ ಯಾವ ಘಾತದಂತೆ ಬೆಳೆಯುತ್ತದೆ ಅಂತ ಅದು ಹೇಳುತ್ತದೆ. ಗೆರೆಯಂಥ ಅಂಚಿನಲ್ಲಿ ಆ ಘಾತ 1/4. ಅಂದರೆ ಒರಟುತನ ಎರಡು ಪಟ್ಟಾಗಲು 16 ಪಟ್ಟು ಸಮಯ ಬೇಕು.

ಬೆಂಕಿಗೆ ಇದು ಹೊಂದುವುದಿಲ್ಲ. ಬೆಂಕಿ ತಗ್ಗು ಹುಡುಕುವುದಿಲ್ಲ, ಅಂಚು ಯಾವ ಕಡೆ ಮುಖ ಮಾಡಿದೆಯೋ ಆ ಕಡೆಗೇ ಹರಡುತ್ತದೆ. ಹಾಗಾಗಿ ಓರೆಯಾದ ಜಾಗ ಅಡ್ಡಕ್ಕೂ ಬೆಳೆಯುತ್ತದೆ. ಉಬ್ಬುಗಳು ಅಗಲವಾಗುತ್ತವೆ, ನಡುವಿನ ಸಂದುಗಳು ಚೂಪಾಗುತ್ತವೆ. 1986ರಲ್ಲಿ ಕಾರ್ಡರ್, ಪರೀಸಿ, ಝಾಂಗ್ ಈ ಒಂದು ಅಂಶವನ್ನು ಹಳೆಯ ಸಮೀಕರಣಕ್ಕೆ ಸೇರಿಸಿದರು. ನಾಲ್ಕೇ ಪುಟದ ಲೇಖನ. ಘಾತ 1/3 ಆಯಿತು. ಈಗ 8 ಪಟ್ಟು ಸಮಯ ಸಾಕು. ಮೂವರ ಹೆಸರಿನ ಮೊದಲಕ್ಷರ ಸೇರಿ ಅದು ಕೆಪಿಝಡ್ ಸಮೀಕರಣ.

ಕಷ್ಟ ಶುರುವಾಗಿದ್ದು ಪ್ರಯೋಗದಲ್ಲಿ. ಅಳೆದಾಗೆಲ್ಲ ಬೇರೆ ಬೇರೆ ಸಂಖ್ಯೆ. ವಸ್ತುವಿನಲ್ಲೇ ಇರುವ ಏರುಪೇರು ಅಂಚನ್ನು ಅಲ್ಲಲ್ಲಿ ತಡೆದು ಹಿಡಿದರೆ ಲೆಕ್ಕ ಕೆಡುತ್ತದೆ, ಅಲ್ವಾ? 1997ರಲ್ಲಿ ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದ ತಂಡ ಕಾಗದಕ್ಕೆ ಪೊಟ್ಯಾಸಿಯಂ ನೈಟ್ರೇಟ್ ಸೇರಿಸಿತು. ಕಾಗದ ಜ್ವಾಲೆಯಿಲ್ಲದೆ ಕಮರುತ್ತಾ ಸಾಗಿತು. ಆ ಅಂಚನ್ನು ಕ್ಯಾಮೆರಾದಲ್ಲಿ ಹಿಡಿದು ಅಳೆದರು. ಸಂಖ್ಯೆಗಳು ಕೆಪಿಝಡ್ ಹತ್ತಿರ ಬಂದವು. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಕೆಲಸ ಇದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಸಮೀಕರಣ ಹಾಳೆಯ ಮೇಲೇ ಉಳಿಯುತ್ತಿತ್ತು.

ಗಟ್ಟಿ ಸಾಕ್ಷಿ 2010ರಲ್ಲಿ ಟೋಕಿಯೋದಿಂದ ಬಂತು. ಟಕೇಉಚಿ ಮತ್ತು ಸಾನೊ ಎರಡು ಗಾಜುಗಳ ನಡುವೆ ದ್ರವ ಸ್ಫಟಿಕದ ತೆಳು ಪದರ ಇಟ್ಟು ವಿದ್ಯುತ್ ಹರಿಸಿದರು. ಲೇಸರ್ ಹೊಡೆತದಿಂದ ಒಂದು ಚುಕ್ಕೆ ಎಬ್ಬಿಸಿದರು. ಅದು ಕಪ್ಪು ಕಲೆಯಂತೆ ಹರಡಿತು. ಘಾತ 1/3 ಬಂತು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಎಷ್ಟು ದೊಡ್ಡ ಏರಿಳಿತ ಎಷ್ಟು ಸಲ ಬರುತ್ತದೆ ಅನ್ನುವ ಹಂಚಿಕೆ ಚುಕ್ಕೆಯಿಂದ ಬೆಳೆದ ಅಂಚಿನದ್ದೇ ಬೇರೆ, ನೆಟ್ಟಗಿನ ಗೆರೆಯಿಂದ ಬೆಳೆದದ್ದೇ ಬೇರೆ. ಎಷ್ಟು ಬೆಳೆದರೂ ಅಂಚು ತಾನು ಹುಟ್ಟಿದ ಆಕಾರವನ್ನು ಮರೆಯುವುದಿಲ್ಲ.

ಗಣಿತದವರು ಈ ಸಮೀಕರಣಕ್ಕೆ ಸರಿಯಾದ ಅರ್ಥ ಕೊಡಲು ಬಹಳ ಹೆಣಗಿದರು. ಆ ದಾರಿ ತೆರೆದ ಮಾರ್ಟಿನ್ ಹೈರರ್ ಅವರಿಗೆ 2014ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಸಿಕ್ಕಿತು.

ಇಷ್ಟೆಲ್ಲ ಗೆರೆಯಂಥ ಅಂಚಿನ ಮಾತು. ಲೋಹದ ಮೇಲೆ ಅಥವಾ ಚಿಪ್‌ನ ಮೇಲೆ ಕೂರಿಸುವ ತೆಳು ಪದರಕ್ಕೆ ಉದ್ದವೂ ಇದೆ, ಅಗಲವೂ ಇದೆ. ಅಲ್ಲಿ ಕಂಪ್ಯೂಟರ್ ಲೆಕ್ಕ ಕೊಡುವ ಘಾತ ಸುಮಾರು 0.24. ಅದರ ನಿಖರ ಬೆಲೆಯನ್ನು ಸಮೀಕರಣದಿಂದ ಇನ್ನೂ ಯಾರೂ ಬಿಡಿಸಿ ತೆಗೆದಿಲ್ಲ.