ಕಾರಣ ಸಿಗುವ ಮೊದಲೇ ನಿಲ್ಲಿ

ಬೆಟ್ಟ, ಕಾಡು, ಹೊಳೆಗಳ ದಾರಿಯಲ್ಲಿ ಜನರನ್ನು ಕರೆದೊಯ್ದು ಕ್ಷೇಮವಾಗಿ ಮರಳಿ ಕರೆತರುವುದು ನನ್ನ ವೃತ್ತಿ. ಚಾರಣಕ್ಕೆ ಹೊಸದಾಗಿ ಬರುವವರು ಕೇಳಿಯೇ ಕೇಳುವ ಪ್ರಶ್ನೆಯೊಂದಿದೆ: ‘ಹೋಗುತ್ತಾ ಹೋಗುತ್ತಾ ಇದ್ದಕ್ಕಿದ್ದಂತೆ ಏನೋ ಸರಿಯಿಲ್ಲ ಅನ್ನಿಸಿದರೆ, ಯಾಕೆಂದು ತಿಳಿಯದಿದ್ದರೂ ಮನಸ್ಸಿನ ಮಾತು ಕೇಳಬೇಕೇ?’ ಕೇಳಬೇಕು. ಆದರೆ ಮನಸ್ಸು ಎರಡು ಬಗೆಯ ಮಾತು ಆಡುತ್ತದೆ. ಎರಡಕ್ಕೂ ಒಂದೇ ಬೆಲೆ ಕೊಡಬಾರದು. ಅದು ‘ನಿಲ್ಲು’ ಎಂದಾಗ ಕಾರಣ ಕೇಳದೆ ನಿಲ್ಲಿ. ‘ಪರವಾಗಿಲ್ಲ, ಮುಂದೆ ಹೋಗು’ ಎಂದಾಗ ಕಾರಣ ಕೇಳಿ, ಪುರಾವೆಯನ್ನೂ ಕೇಳಿ.

ಅಮೆರಿಕದ ಮನೋವಿಜ್ಞಾನಿ ಗ್ಯಾರಿ ಕ್ಲೈನ್ 1980ರ ದಶಕದಲ್ಲಿ ಅಗ್ನಿಶಾಮಕ ದಳಗಳ ನಾಯಕರು ಹೇಗೆ ತೀರ್ಮಾನಕ್ಕೆ ಬರುತ್ತಾರೆ ಎಂಬುದನ್ನು ಅಧ್ಯಯನ ಮಾಡಿದರು. ಅವರು ದಾಖಲಿಸಿದ ಒಂದು ಪ್ರಸಂಗವನ್ನು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ. ಒಂದು ಮನೆಯ ಅಡುಗೆಮನೆಯ ಕಡೆ ಬೆಂಕಿ. ತಂಡ ಒಳಗೆ ನಿಂತು ನೀರು ಹಾಯಿಸಿತು, ಬೆಂಕಿ ಬಗ್ಗಲಿಲ್ಲ. ಕೋಣೆಯ ಕಾವು ಮಿತಿಮೀರಿತ್ತು, ಬೆಂಕಿಯ ಸದ್ದು ಮಾತ್ರ ಅಷ್ಟು ಕಾವಿಗೆ ತಕ್ಕಷ್ಟು ಇರಲಿಲ್ಲ. ನಾಯಕ ಎಲ್ಲರನ್ನೂ ಹೊರಗೆ ಕರೆದ. ಅವರು ಹೊರಬಿದ್ದ ಸ್ವಲ್ಪ ಹೊತ್ತಿಗೇ, ಅದುವರೆಗೆ ನಿಂತಿದ್ದ ನೆಲ ಕುಸಿಯಿತು. ಬೆಂಕಿಯ ಮೂಲ ಇದ್ದದ್ದು ನೆಲಮಾಳಿಗೆಯಲ್ಲಿ. ಆ ಮನೆಗೆ ನೆಲಮಾಳಿಗೆ ಇದೆಯೆಂಬುದೇ ಅವನಿಗೆ ತಿಳಿದಿರಲಿಲ್ಲ.

ತನಗೆ ಅತೀಂದ್ರಿಯ ಶಕ್ತಿ ಇದೆಯೆಂದೇ ಆ ನಾಯಕ ನಂಬಿದ್ದ. ಕ್ಲೈನ್ ಕಂಡದ್ದು ಬೇರೆ. ವರ್ಷಗಟ್ಟಲೆ ಬೆಂಕಿ ನೋಡಿದ ಮನುಷ್ಯನೊಳಗೆ ಬೆಂಕಿ ಹೀಗಿರುತ್ತದೆ ಎಂಬ ಒಂದು ಅಚ್ಚು ಮೂಡಿರುತ್ತದೆ. ಎದುರಿಗಿದ್ದ ಬೆಂಕಿ ಆ ಅಚ್ಚಿಗೆ ಕೂಡಲಿಲ್ಲ. ನಾಯಕನಿಗೆ ತಿಳಿದದ್ದು ಅಷ್ಟೇ, ಆದರೆ ಜೀವ ಉಳಿಸಲು ಅಷ್ಟು ಸಾಕಾಯಿತು. ಒಳಮನಸ್ಸು ಎಚ್ಚರಿಸುತ್ತದೆ, ವಿವರಿಸುವುದಿಲ್ಲ. ವಿವರಣೆ ಸಿಕ್ಕ ಮೇಲೆಯೇ ಹೆಜ್ಜೆ ಹಿಂದಿಡುತ್ತೇನೆ ಎನ್ನುವವರು ಆ ಎಚ್ಚರಿಕೆಯ ಲಾಭವನ್ನೇ ಕಳೆದುಕೊಳ್ಳುತ್ತಾರೆ.

ಹೊಳೆ ದಾಟುವುದನ್ನು ನೋಡಿ. ಬೆಳಿಗ್ಗೆ ಮೊಣಕಾಲಿಗೂ ಬಾರದ ನೀರಿನಲ್ಲಿ ದಾಟಿ ಹೋಗಿದ್ದೀರಿ. ಸಂಜೆ ಮರಳಿದಾಗ ಅದೇ ಜಾಗ, ಮೇಲೆ ತಿಳಿಯಾದ ಆಕಾಶ. ಆದರೂ ನೀರಿಗೆ ಕಾಲಿಡುವ ಮುನ್ನ ಯಾರೋ ಹಿಡಿದು ನಿಲ್ಲಿಸಿದಂತಾಗುತ್ತದೆ. ನಿಂತು ನೋಡಿದರೆ ಒಂದೊಂದೇ ಕಾಣತೊಡಗುತ್ತದೆ. ತಳದ ಕಲ್ಲು ಕಾಣುತ್ತಿದ್ದ ನೀರು ತುಸು ಕದಡಿದೆ. ಒಣಗಿದ ಎಲೆ, ಕಡ್ಡಿ, ತೊಗಟೆಯ ಚೂರು, ನೊರೆ ತೇಲಿ ಬರುತ್ತಿವೆ. ದಡದ ಮೇಲೆ ಒಣಗಿ ಬಿದ್ದಿದ್ದ ಕಸ ನೀರಿನಲ್ಲಿ ಬರುತ್ತಿದೆಯೆಂದರೆ ಮೇಲೆಲ್ಲೋ ಹೊಳೆ ದಡ ಏರಿದೆ. ಬೆಳಿಗ್ಗೆ ತಲೆಯೆತ್ತಿ ನಿಂತಿದ್ದ ಬಂಡೆಯ ನೆತ್ತಿ ಈಗ ಒದ್ದೆ. ಸದ್ದು ದಪ್ಪವಾಗಿದೆ, ಕಿವಿಗೊಟ್ಟರೆ ನೀರಿನಡಿಯಲ್ಲಿ ಕಲ್ಲುಗಳು ಉರುಳಿ ಒಂದಕ್ಕೊಂದು ತಾಗುವ ಮಂದ ಶಬ್ದ. ಕಣ್ಣು ಕಿವಿಗಳು ಇಷ್ಟನ್ನೂ ಆಗಲೇ ಹಿಡಿದಿದ್ದವು, ಮಾತಾಗಿ ಬರಲು ಮಾತ್ರ ತಡವಾಯಿತು.

ಮಳೆ ನಿಮ್ಮ ತಲೆಯ ಮೇಲೆಯೇ ಸುರಿಯಬೇಕಿಲ್ಲ, ಹೊಳೆ ಹುಟ್ಟುವ ಕಡೆ ಸುರಿದರೆ ಸಾಕು. ನೀರಿನ ವೇಗ ಇಮ್ಮಡಿಯಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ‘ಬೆಳಿಗ್ಗೆಗಿಂತ ಸ್ವಲ್ಪ ಜೋರಾಗಿದೆ ಅಷ್ಟೇ’ ಎಂಬ ಮಾತು ನನಗೆ ಭಯ ಹುಟ್ಟಿಸುತ್ತದೆ. ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು, ಎತ್ತರದ ಜಾಗಕ್ಕೆ ಸರಿದು, ಹತ್ತು ನಿಮಿಷ ಅದನ್ನೇ ನೋಡಿ. ಕಡ್ಡಿಯ ಬುಡ ಮುಳುಗುತ್ತಾ ಹೋದರೆ ಹೊಳೆ ಏರುತ್ತಿದೆ. ಆ ಸಂಜೆ ದಾಟುವ ಮಾತೇ ಇಲ್ಲ. ಕಡ್ಡಿ ಇದ್ದಂತೆಯೇ ಇದ್ದು, ಉಳಿದ ಗುರುತುಗಳು ಮಾತ್ರ ಹಾಗೆಯೇ ಇದ್ದರೆ ಇನ್ನೂ ಕಾಯಬೇಕು.

ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವನ್ನು ನಾವೆಲ್ಲ ಕೇಳಿದ್ದೇವೆ. ತತ್ವಜ್ಞಾನದಲ್ಲಿ ಅದು ಅಜ್ಞಾನ, ಕಾಲುದಾರಿಯಲ್ಲಿ ಅದು ವಿವೇಕ. ಹಗ್ಗಕ್ಕೆ ಹೆದರಿ ಹಿಂದೆ ಸರಿದವನು ಕಳೆದುಕೊಳ್ಳುವುದು ಎರಡು ನಿಮಿಷ. ಹಾವನ್ನು ಹಗ್ಗವೆಂದು ತುಳಿದವನು ಏನು ಕಳೆದುಕೊಳ್ಳುತ್ತಾನೆ ಎಂದು ಹೇಳಬೇಕಾಗಿಲ್ಲ. ಹತ್ತು ಎಚ್ಚರಿಕೆಗಳಲ್ಲಿ ಒಂಬತ್ತು ಸುಳ್ಳಾದರೂ ಲೆಕ್ಕ ನಿಮ್ಮ ಕಡೆಗೇ ಇದೆ. ‘ನಿನ್ನೆಯೂ ಹೀಗೇ ಹೇಳಿದೆ, ಏನೂ ಇರಲಿಲ್ಲ’ ಎಂದು ಜೊತೆಗಾರರನ್ನು ಹಂಗಿಸುವವರನ್ನು ನಾನು ಗುಂಪಿನಲ್ಲಿ ಸಹಿಸುವುದಿಲ್ಲ.

ಎಚ್ಚರಿಕೆ ನಿಜವಾದರೂ, ಅದರ ಹಿಂದೆಯೇ ಕಾಲು ಮಾಡಹೊರಡುವ ಕೆಲಸ ಸರಿಯಿರಬೇಕೆಂದಿಲ್ಲ. ಇದನ್ನು ಬೇರ್ಪಡಿಸಿ ನೋಡುವುದೇ ನಮ್ಮ ತರಬೇತಿಯ ಅತಿ ಕಷ್ಟದ ಭಾಗ. ಬೇಟೆಯಾಡುವ ದೊಡ್ಡ ಪ್ರಾಣಿ ಎದುರಾದರೆ ಕಾಲು ಓಡು ಎನ್ನುತ್ತದೆ. ಓಡುವುದು ಅದರ ಬೆನ್ನಟ್ಟುವ ಸ್ವಭಾವವನ್ನು ಕೆಣಕಿದಂತೆ. ಅದಕ್ಕೆ ಬೆನ್ನು ತೋರದೆ, ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡು, ನಿಧಾನವಾಗಿ ಹಿಂದೆ ಸರಿಯಬೇಕು. ಹುಲ್ಲಿನಲ್ಲಿ ಒಂಟಿಯಾಗಿ ಮುದುರಿ ಮಲಗಿದ ಜಿಂಕೆಮರಿ ಕಂಡರೆ ಕೈ ತಾನಾಗಿಯೇ ಮುಂದೆ ಹೋಗುತ್ತದೆ, ಅಯ್ಯೋ ಪಾಪ ಎಂಬ ಕರುಣೆಯಿಂದ. ಆದರೆ ತಾಯಿ ಜಿಂಕೆ ಮರಿಯನ್ನು ಅಡಗಿಸಿ ಗಂಟೆಗಟ್ಟಲೆ ಮೇಯಲು ಹೋಗುವುದು ಸಹಜ. ಎತ್ತಿಕೊಂಡು ಬಂದವರು ತಬ್ಬಲಿಯನ್ನು ಉಳಿಸಿಲ್ಲ, ಮರಿಯನ್ನು ತಬ್ಬಲಿ ಮಾಡಿದ್ದಾರೆ. ಅನಿರೀಕ್ಷಿತವಾದದ್ದು ಎದುರಾದಾಗ ನಿಲ್ಲುವುದು, ಸದ್ದಿಲ್ಲದೆ ಹಿಂದೆ ಸರಿಯುವುದು, ಆಮೇಲೆ ನೋಡುವುದು. ಮುಕ್ಕಾಲುಪಾಲು ಸಂದರ್ಭಗಳಿಗೆ ಇಷ್ಟೇ ಸಾಕು.

ಒಳಮನಸ್ಸು ಏನನ್ನೂ ಹೇಳದೆ ಸುಮ್ಮನಿರುವ ಅಪಾಯಗಳೂ ಇವೆ. ಮಳೆ ಬೀಳುತ್ತಿರುವ ಜಾಗದಿಂದ ಹದಿನೈದು ಕಿಲೋಮೀಟರ್ ದೂರದಲ್ಲೂ ಸಿಡಿಲು ಬಡಿಯಬಲ್ಲದು. ಬಿಸಿಲು ಕಾಣುತ್ತಿದ್ದರೆ ಯಾರಿಗೂ ಅಪಾಯ ಅನ್ನಿಸುವುದಿಲ್ಲ. ಮುಚ್ಚಿದ ಡೇರೆಯೊಳಗೆ ಒಲೆ ಉರಿಸಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ದೇಹ ತೀರಾ ತಣ್ಣಗಾದವರಲ್ಲಿ ಕೆಲವರು ಕೊನೆಯ ಹಂತದಲ್ಲಿ ಸೆಕೆಯೆಂದು ಬಟ್ಟೆ ಕಳಚುತ್ತಾರೆ. ಅಲ್ಲಿ ಅನಿಸಿಕೆಯೇ ಶತ್ರು. ಇಂಥ ಕಡೆ ನಿಯಮವೇ ಗತಿ. ಗುಡುಗು ಕೇಳಿತೆಂದರೆ ಭದ್ರವಾದ ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಹೋಗಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಕಾಲಿಡಬಾರದು.

ಅನುಭವಿಗಳು ಇನ್ನೊಂದು ಬಗೆಯಲ್ಲಿ ಸಿಕ್ಕಿಬೀಳುತ್ತಾರೆ. ಕ್ಲೈನ್ ಅವರೂ, ಅಂತಃಪ್ರಜ್ಞೆಯನ್ನು ಅನುಮಾನದಿಂದಲೇ ನೋಡುತ್ತಿದ್ದ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಅವರೂ 2009ರಲ್ಲಿ ಸೇರಿ ಬರೆದ ಲೇಖನದಲ್ಲಿ ಒಂದು ಮಾತಿಗೆ ಒಪ್ಪಿದರು: ಸುತ್ತಲಿನ ಲೋಕ ಒಂದು ಕ್ರಮದಲ್ಲಿ ನಡೆಯುತ್ತಿರಬೇಕು, ನಮ್ಮ ಊಹೆ ಸರಿಯೋ ತಪ್ಪೋ ಎಂಬುದು ನಮಗೆ ಮತ್ತೆ ಮತ್ತೆ ತಿಳಿಯುತ್ತಿರಬೇಕು, ಆಗ ಮಾತ್ರ ಪರಿಣತರ ಒಳಮನಸ್ಸು ನಂಬಿಕೆಗೆ ಅರ್ಹ. ಮೋಡ ನೋಡಿ ಮಳೆ ಊಹಿಸಿದರೆ ಸಂಜೆಯೊಳಗೆ ಉತ್ತರ ಸಿಗುತ್ತದೆ. ಹಿಮದ ಇಳಿಜಾರು ಹಾಗಲ್ಲ. ಅಪಾಯದ ಇಳಿಜಾರನ್ನು ಹಲವು ಸಲ ದಾಟಿಯೂ ಹಿಮ ಜಾರದೆ ಇರಬಹುದು, ಪ್ರತಿ ಸಲವೂ ಮನಸ್ಸು ‘ಇದು ಸುರಕ್ಷಿತ’ ಎಂಬ ಸುಳ್ಳು ಪಾಠ ಕಲಿಯುತ್ತದೆ. ಅಮೆರಿಕದಲ್ಲಿ 1972ರಿಂದ 2003ರವರೆಗೆ ನಡೆದ 715 ಹಿಮಕುಸಿತದ ಅವಘಡಗಳನ್ನು ಸಂಶೋಧಕ ಇಯಾನ್ ಮೆಕ್ಯಾಮನ್ ಪರಿಶೀಲಿಸಿದಾಗ ಕಂಡ ಬಲೆಗಳು ಇಂಥವೇ: ಗೊತ್ತಿರುವ ಜಾಗವೆಂಬ ಧೈರ್ಯ, ಹಿಡಿದ ಗುರಿ ಬಿಡಲಾರದ ಹಟ, ಮುಂದಾಳಿಗೆ ಎಲ್ಲ ತಿಳಿದಿದೆ ಎಂಬ ನಂಬಿಕೆ. ಮೂರೂ ಮುಂದಕ್ಕೆ ತಳ್ಳುವ ಅನಿಸಿಕೆಗಳು. ‘ಹೋಗು’ ಎನ್ನುವ ದನಿಗೆ ಪುರಾವೆ ಕೇಳಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಹಾಗೆಂದು ಪ್ರತಿ ಎಚ್ಚರಿಕೆಯನ್ನೂ ಸ್ವಂತ ಅನುಭವದಿಂದಲೇ ಗಳಿಸಬೇಕಾಗಿಲ್ಲ. ಇಂಡೊನೇಷ್ಯಾದ ಸಿಮೆಯುಲುಯೆ ದ್ವೀಪದವರು 1907ರ ಸುನಾಮಿಯ ಕಥೆಯನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತಲೇ ಬಂದಿದ್ದರು: ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡ ಹತ್ತಿ. 2004ರ ಡಿಸೆಂಬರ್ 26ರಂದು ಅವರು ಮಾಡಿದ್ದು ಅದನ್ನೇ. ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದ, ಸುಮಾರು 78,000 ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ. ಬೇರೆ ತೀರಗಳಲ್ಲಿ ಕಡಲು ಸರಿದದ್ದನ್ನು ನೋಡಲು ಜನ ಮರಳಿನ ಮೇಲೆ ಇಳಿದು ಹೋದರು. ವಿಚಿತ್ರ ಅವರ ಕಣ್ಣಿಗೂ ಬಿದ್ದಿತ್ತು, ಅದಕ್ಕೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೊಸ ಪ್ರದೇಶಕ್ಕೆ ಹೋಗುವ ಮುನ್ನ ಅಲ್ಲಿಯವರನ್ನು ‘ಇಲ್ಲಿ ಏನು ಕಂಡರೆ ನೀವು ಹಿಂದಿರುಗುತ್ತೀರಿ?’ ಎಂದು ಕೇಳುವುದು ನನ್ನ ಕೆಲಸದ ಒಂದು ಭಾಗ.

ಬರೀ ಅಂಜಿಕೆಗೂ ನಿಜವಾದ ಎಚ್ಚರಿಕೆಗೂ ವ್ಯತ್ಯಾಸ ತಿಳಿಯುವುದು ಹೇಗೆ? ಅಂಜಿಕೆ ಹಿಂದಿನ ರಾತ್ರಿಯೇ ಶುರುವಾಗಿ ದಾರಿಯುದ್ದಕ್ಕೂ ಅದೇ ಪಲ್ಲವಿ ಹಾಡುತ್ತಿರುತ್ತದೆ. ಎಚ್ಚರಿಕೆ ಒಂದು ತಿರುವಿನಲ್ಲಿ, ಒಂದು ಕ್ಷಣದಲ್ಲಿ ಬರುತ್ತದೆ. ‘ಈಗಷ್ಟೇ ಏನು ಬದಲಾಯಿತು?’ ಎಂದು ಕೇಳಿಕೊಳ್ಳಿ. ಹಕ್ಕಿಗಳು ಒಮ್ಮೆಲೇ ಸುಮ್ಮನಾದವೇ? ಗಾಳಿಯ ದಿಕ್ಕು ತಿರುಗಿತೇ? ಹೊಸ ವಾಸನೆ ಬಂತೇ? ಉತ್ತರ ಸಿಗದಿದ್ದರೂ ನಿಂತದ್ದು ನಷ್ಟವಲ್ಲ.

ಗುಂಪಿನಲ್ಲಿ ಇದಕ್ಕೆ ವ್ಯವಸ್ಥೆ ಬೇಕು. ಮೊದಲು ಗಮನಿಸಿದವರು ಬಹುಮಟ್ಟಿಗೆ ಬಾಯಿ ಬಿಡುವುದಿಲ್ಲ, ಪುಕ್ಕಲು ಅನ್ನಿಸಿಕೊಳ್ಳುವ ಸಂಕೋಚ. ಹಾಗಾಗಿ ಹೊರಡುವ ಮುನ್ನವೇ ಹೇಳಿಬಿಡುತ್ತೇನೆ: ಯಾರು ಬೇಕಾದರೂ ‘ನಿಲ್ಲಿ’ ಎನ್ನಬಹುದು, ಕಾರಣ ಕೊಡಬೇಕಿಲ್ಲ, ಎಲ್ಲರೂ ನಿಲ್ಲಲೇಬೇಕು. ನಿಂತ ಮೇಲೆ ಅಭಿಪ್ರಾಯ ಕೇಳುವಾಗ ಎಲ್ಲರಿಗಿಂತ ಹೊಸಬರಿಂದ ಆರಂಭಿಸುತ್ತೇನೆ, ಅನುಭವಿಗಳನ್ನು ಆಮೇಲೆ ಕೇಳುತ್ತೇನೆ. ನನ್ನ ಅನಿಸಿಕೆಯನ್ನು ಕೊನೆಯಲ್ಲಿ ಹೇಳುತ್ತೇನೆ, ಏಕೆಂದರೆ ನಾನು ಮೊದಲು ಮಾತಾಡಿದರೆ ಉಳಿದವರು ಕಂಡದ್ದು ಅವರ ಹೊಟ್ಟೆಯಲ್ಲೇ ಉಳಿಯುತ್ತದೆ.